ಪೆನ್ಸಿಲ್ಲಿನಿಂದ ನೇರ ಮಾಡಿದ ಕೂದಲು

ಗುಂಗುರು ಕೂದಲಿನವರು ಸ್ಟುಡಿಯೋ ಮೆಟ್ಟಿಲು ಹತ್ತಿದರೆ ನನಗೆ ಆಗ ಬೇಸರವಾಗುತ್ತಿತ್ತು. ನೇರ ಕೂದಲು ಎಣ್ಣೆ ಹಚ್ಚಿ ಬಾಚಿದರೆ ತಲೆಗೆ ಅಂಟಿ ಕೂರುತ್ತದೆ, ಬೆಳಕು ಅದರ ಮೇಲೆ ಒಂದೇ ಪಟ್ಟಿಯಾಗಿ ಬೀಳುತ್ತದೆ. ಗುಂಗುರು ಹಾಗಲ್ಲ. ಒಂದೊಂದು ಎಳೆಯೂ ಒಂದೊಂದು ಕಡೆಯಿಂದ ಬೆಳಕು ಹಿಡಿಯುತ್ತದೆ. ತಲೆಯ ಸುತ್ತ ಜೇಡರ ಬಲೆ ಕಟ್ಟಿದಂತೆ ಬಿಳಿ ನವಿರು ಕಾಣುತ್ತದೆ. ಫೋಟೋ ತೆಗೆದುಕೊಂಡು ಹೋದ ತಾಯಂದಿರು ಮಾರನೆಯ ದಿನವೇ ವಾಪಸು ಬಂದು, ‘ಇದೇನ್ರೀ, ನಮ್ಮ ಹುಡುಗಿ ಗಾಳಿಗೆ ಸಿಕ್ಕ ಹಾಗಿದಾಳೆ’ ಅನ್ನುತ್ತಿದ್ದರು.

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ನನ್ನ ಸ್ಟುಡಿಯೋ ಇತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡ ಊರುಗಳಲ್ಲಿ ಫಿಲ್ಮು ಬಂದಿದ್ದರೂ ನಾನು ಹೆಣ್ಣುಮಕ್ಕಳ ಮದುವೆ ಫೋಟೋಗಳನ್ನು ಗಾಜಿನ ಪ್ಲೇಟಿನ ಮೇಲೆಯೇ ತೆಗೆಯುತ್ತಿದ್ದೆ. ಕಾರಣ ತಿದ್ದುವುದಕ್ಕೆ ಅನುಕೂಲ. ಓರೆಯಾದ ಮೇಜು, ಅದರ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಕಳಿಸುವ ಒಂದು ಕನ್ನಡಿ. ಗಾಜಿನ ಮೇಲೆ ಪೆನ್ಸಿಲ್ ಹಿಡಿಯಲೆಂದು ತೆಳುವಾದ ವಾರ್ನಿಷ್ ಸವರಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಹಣೆಯ ಮೇಲೆ ಬಿದ್ದ ಕಪ್ಪು ಸುರುಳಿ ಅಲ್ಲಿ ಬರಿಯ ಪಾರದರ್ಶಕ ಗೆರೆ. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಆ ಗೆರೆಯನ್ನು ತುಂಬಿದರೆ ಪ್ರಿಂಟಿನಲ್ಲಿ ಸುರುಳಿಯೇ ಇರುವುದಿಲ್ಲ. ಬಿಳಿ ನವಿರನ್ನು ಸಣ್ಣ ಚಾಕುವಿನಿಂದ ಕೆರೆಯಬೇಕು. ಆಮೇಲೆ ತಲೆಯ ಮೇಲಿಂದ ಕಿವಿಯವರೆಗೆ ನಾಲ್ಕಾರು ಉದ್ದ ಗೆರೆ ಎಳೆದರೆ ಎಣ್ಣೆಯಿಟ್ಟು ಬಾಚಿದ ನೇರ ಕೂದಲಿನ ಹೊಳಪು ಬರುತ್ತದೆ. ಈ ಕೆಲಸದಲ್ಲಿ ನನ್ನ ಕೈ ಚೆನ್ನಾಗಿತ್ತು. ಅದೇ ನನಗೆ ಮುಳುವಾಯಿತು.

ಬೇಲೂರಿನಿಂದ ಬಂದ ಆ ಹುಡುಗಿಗೆ ಹತ್ತೊಂಬತ್ತು ವರ್ಷ. ತಂದೆ ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತರು. ತಾಯಿ ಬಸ್ಸಿನ ಧೂಳು ಕೊಡವುವುದಕ್ಕೂ ಮೊದಲೇ ಬಾಚಣಿಗೆ ಹಿಡಿದು ಮಗಳನ್ನು ಕನ್ನಡಿಯ ಮುಂದೆ ಕೂರಿಸಿದರು. ಒಣಗಿದ ಗುಂಗುರು ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ. ಎಳೆದಾಗಲೆಲ್ಲ ಹುಡುಗಿಯ ತಲೆ ಹಿಂದಕ್ಕೆ ಹೋಗುತ್ತಿತ್ತು. ಬಾಚಿದಷ್ಟೂ ಕೂದಲು ಉಬ್ಬಿತು.

‘ಬಾಣಾವರದ ಕಡೆ ಸಂಬಂಧ ಕಣ್ರೀ,’ ಅಂದರು ತಾಯಿ. ‘ಹುಡುಗ ರೈಲ್ವೇಲಿದಾನೆ. ಒಳ್ಳೆ ಜನ. ಈ ಕೂದಲೊಂದು ನೋಡಿ ಬೇಡ ಅಂದ್ಬಿಟ್ರೆ? ಗುಂಗುರು ಕೂದಲಿನವಳು ಹಟಮಾರಿ ಅಂತಾರೆ. ನಮ್ಮ ಅತ್ತೆ ಮನೇಲಿ ಎಲ್ಲರೂ ಇದು ನನ್ನ ತವರಿಂದ ಬಂದದ್ದು ಅಂತ ಇವತ್ತಿಗೂ ಆಡ್ಕೋತಾರೆ. ನಮ್ಮ ಕಡೆ ಒಬ್ಬರಿಗೂ ಇಲ್ಲ.’

ಹುಡುಗಿ ಕನ್ನಡಿಯೊಳಗಿಂದ ನನ್ನನ್ನು ನೋಡಿ, ‘ಇರೋ ಹಾಗೇ ತೆಗೀರಿ ಸಾರ್’ ಅಂದಳು.

‘ನೀನು ಸುಮ್ನಿರೇ,’ ಅಂದರು ತಾಯಿ.

ನಾನು ಹರಳೆಣ್ಣೆ ತರಿಸಿದೆ. ನೀರು, ಎಣ್ಣೆ ಎರಡನ್ನೂ ಸುರಿದು, ಹದಿನೈದು ಪಿನ್ನು ಚುಚ್ಚಿ ತಾಯಿ ಕೂದಲನ್ನು ನೆತ್ತಿಗೆ ಒತ್ತಿ ಕಟ್ಟಿದರು. ಆಗಿನ ಕಾಲದಲ್ಲಿ ನಾವು ಹೆಣ್ಣುಮಕ್ಕಳ ತಲೆ ಮುಟ್ಟುವ ಹಾಗಿರಲಿಲ್ಲ. ನಾನು ಕ್ಯಾಮೆರಾದ ಹಿಂದಿನಿಂದ ‘ಎಡಗಡೆ ಸ್ವಲ್ಪ’ ಅನ್ನುವುದು, ಅವರು ಒತ್ತುವುದು. ಹುಬ್ಬು ಮೇಲಕ್ಕೆ ಎಳೆದುಕೊಂಡು ಹುಡುಗಿಯ ಮುಖ ಬೆದರಿದ ಹಾಗಿತ್ತು. ಮಿಕ್ಕದ್ದನ್ನು ಪೆನ್ಸಿಲ್ಲಿನಿಂದ ಮಾಡಿದೆ. ಪೂರ್ತಿ ಎರಡು ಹಗಲು ಹಿಡಿಯಿತು. ಪ್ರಿಂಟು ನೋಡಿ ತಂದೆಗೆ ಕಣ್ಣು ತುಂಬಿತು. ‘ನಮ್ಮ ಮಗೂನೇ ಅಲ್ಲ ಅನ್ನಿಸ್ತದೆ’ ಅಂದರು. ಆ ಮಾತನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಮೂರು ವಾರಕ್ಕೆ ತಂದೆ ಒಬ್ಬರೇ ಬಂದರು. ಕೈಯಲ್ಲಿ ಬಾಣಾವರದ ಕಾಗದ. ಫೋಟೋ ಒಪ್ಪಿಗೆಯಾಗಿತ್ತು. ಹುಡುಗನ ತಾಯಿಗೆ ಕೂದಲು ಬಹಳ ಹಿಡಿಸಿತ್ತಂತೆ. ಹೆಣ್ಣು ನೋಡಲು ಬರುವ ಮುಂಚೆ ಇನ್ನೊಂದು ಫೋಟೋ ಬೇಕು, ಕನ್ನಡಿಯ ಮುಂದೆ ನಿಂತು ಜಡೆ ಪೂರ್ತಿ ಕಾಣುವಂಥದ್ದು ಎಂದು ಬರೆದಿದ್ದರು. ಹೀಗೆ ಬೆನ್ನು ತಿರುಗಿಸಿ ಜಡೆ ತೋರಿಸುವ ಫೋಟೋ ಆಗ ಎಲ್ಲ ಮನೆಗಳಲ್ಲೂ ಇರುತ್ತಿತ್ತು.

ಉದ್ದ ಜಡೆಯನ್ನು ಪೆನ್ಸಿಲ್ಲಿನಿಂದ ಹುಟ್ಟಿಸಲಾಗುವುದಿಲ್ಲ. ಆ ಹುಡುಗಿಯ ಕೂದಲು ಒದ್ದೆಯಾಗಿದ್ದಾಗ ಸೊಂಟಕ್ಕೆ ಬಂದರೆ ಒಣಗಿದ ಮೇಲೆ ಸುರುಳಿ ಸುತ್ತಿಕೊಂಡು ಭುಜಕ್ಕೆ ನಿಲ್ಲುತ್ತಿತ್ತು. ಅಂದೇ ನಾನು, ‘ಇಲ್ಲಿಗೆ ಸಾಕು, ಅವರಿಗೆ ಇದ್ದದ್ದು ಬರೆದುಬಿಡಿ’ ಅನ್ನಬೇಕಿತ್ತು. ಆದರೆ ಅವರು ನನ್ನನ್ನು ದೊಡ್ಡ ವೈದ್ಯನನ್ನು ನೋಡುವಂತೆ ನೋಡುತ್ತಿದ್ದರು. ‘ಕರ್ಕೊಂಡು ಬನ್ನಿ, ನೇರ ಮಾಡೋಣ’ ಅಂದುಬಿಟ್ಟೆ.

ರೈಲ್ವೆ ಕಾಲೋನಿಯಲ್ಲಿ ಯಾರೋ ಹೆಂಗಸರು ಕಾದ ಕಬ್ಬಿಣದಿಂದ ಕೂದಲು ತಿದ್ದಿಕೊಳ್ಳುತ್ತಾರೆಂದು ಕೇಳಿದ್ದೆ, ಅಷ್ಟೆ. ಪಕ್ಕದ ಅಂಗಡಿಯಲ್ಲಿ ಬಟ್ಟೆಗೆ ಇಸ್ತ್ರಿ ಮಾಡುವವನ ಹತ್ತಿರ ಕೆಂಡದ ಪೆಟ್ಟಿಗೆ ಕೇಳಿದೆ.

‘ಯಾವ ಬಟ್ಟೆಗೆ ಸ್ವಾಮಿ?’

‘ಬಟ್ಟೆಗಲ್ಲ. ಕೂದಲಿಗೆ.’

ಅವನು ಕೆಲಸ ನಿಲ್ಲಿಸಿದ. ‘ನಿಮ್ಗೇನ್ ತಲೆ ನೆಟ್ಟಗೈತಾ? ರೇಷ್ಮೆಗೇ ಮೇಲೊಂದು ಒದ್ದೆ ಬಟ್ಟೆ ಹಾಕ್ತೀನಿ ನಾನು. ಇದು ಮನುಷ್ಯರ ಕೂದ್ಲು.’

‘ಕಾಗದ ಇಟ್ಟು ಒತ್ತಿಸ್ತೀನಿ ಕಣಯ್ಯ, ಕೊಡು.’

‘ತಗಳಿ. ನಾಳೆ ನನ್ ಹೆಸ್ರು ಹೇಳ್ಬೇಡಿ ಮತ್ತೆ.’

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಹುಡುಗಿ ಮಣೆಯ ಮೇಲೆ ತಲೆ ವಾಲಿಸಿ ಕೂತಳು. ತಾಯಿ ಕೂದಲನ್ನು ಹಲಗೆಯ ಮೇಲೆ ಹರಡಿ, ಮೇಲೆ ಕಾಗದವಿಟ್ಟು ಪೆಟ್ಟಿಗೆ ಎಳೆದರು. ಪರದೆಯ ಈಚೆಯಿಂದ ನಾನು ಹೇಳಿಕೊಡುತ್ತಿದ್ದೆ. ಮೊದಲ ಎರಡು ಎಳೆತಕ್ಕೆ ಕೂದಲು ನೇರವಾಯಿತಂತೆ. ತಾಯಿಯ ದನಿಯಲ್ಲಿ ಸಂತೋಷವಿತ್ತು. ‘ಇನ್ನೂ ನಿಧಾನವಾಗಿ, ಒತ್ತಿ’ ಅಂದೆ. ಕೂದಲಿಗೆ ಆ ದಿನವೂ ಎಣ್ಣೆ ಹಚ್ಚಿಸಿದ್ದವನು ನಾನೇ. ಎಣ್ಣೆ ಕುದಿಯುತ್ತದೆ ಎಂಬ ಸಾಮಾನ್ಯ ಬುದ್ಧಿ ಇರಲಿಲ್ಲ. ಚುರ್ರೆಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಎಡಗಡೆಯ ಕೂದಲು ಗೇಣುದ್ದ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು.

ತಾಯಿ ಪರದೆ ಸರಿಸಿಕೊಂಡು ಹೊರಗೆ ಬಂದರು. ಅಂಗೈಯಲ್ಲಿ ಆ ಪುಡಿ. ‘ಯಾಕ್ರೀ ಹೀಗಾಯ್ತು?’

ಈ ಬರಹ ಬರೆಯಲು ಕೂತಿರುವುದೇ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರಕ್ಕಾಗಿ. ಆ ದಿನ ಹುಡುಗಿ ಒಳಗೆ ಬಂದಾಗಲೇ ಅವಳ ತಲೆಯಿಂದ ಸೋಪಿನ ವಾಸನೆ ಬಂದಿತ್ತು. ‘ಸೋಪು ಹಾಕಿ ತೊಳೆದಿದ್ದಾಳೆ. ಸೋಪಿನಿಂದ ಕೂದಲು ಸತ್ತುಹೋಗಿರುತ್ತೆ. ಅದಕ್ಕೇ ಸುಟ್ಟಿತು’ ಅಂದೆ. ಅಷ್ಟು ಸಲೀಸಾಗಿ ಬಂತು ಮಾತು. ತಾಯಿ ತಿರುಗಿ ಒಳಗೆ ಹೋಗಿ ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟರು. ‘ಸೀಗೆಕಾಯಿ ಕುಟ್ಟೋಕೆ ಸೋಮಾರಿತನ ನಿನಗೆ. ನೋಡು ಈಗ.’ ಹುಡುಗಿ ಪರದೆಯ ಸಂದಿಯಿಂದ ನನ್ನ ಕಡೆ ನೋಡಿದಳು. ಅವಳಿಗೆ ಗೊತ್ತಿತ್ತು.

ಎಂಟು ದಿನಕ್ಕೆ ತಂದೆಯ ಕಾರ್ಡು ಬಂತು. ಮಗಳು ಅರಸೀಕೆರೆಗೆ ಬರುವುದಿಲ್ಲವೆಂದು ಕೂತಿದ್ದಾಳೆ, ಬಾಣಾವರದವರು ಮತ್ತೆ ಕಾಗದ ಬರೆದಿದ್ದಾರೆ, ತಾವೇ ಕ್ಯಾಮೆರಾ ತಂದು ಹೇಗಾದರೂ ಮಾನ ಉಳಿಸಬೇಕು. ಜಾವಗಲ್, ಹಳೇಬೀಡಿನ ಮೇಲೆ ಹೋಗುವ ಬಸ್ಸಿನ ತಲೆಯ ಮೇಲೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಕಟ್ಟಿಸಿ, ಪ್ಲೇಟಿನ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಬೇರೆ ಹೆಂಗಸರ ಸವರಿ, ಅಂದರೆ ಕಟ್ಟಿಕೊಳ್ಳುವ ಕೂದಲನ್ನೂ ಒಂದು ಕಟ್ಟು ತಂದಿದ್ದೆ. ಇನ್ನೊಂದು ಸುಳ್ಳಿಗೆ ಸಿದ್ಧನಾಗಿಯೇ ಹೋಗಿದ್ದೆ.

ಆ ಮನೆಯ ಜಗಲಿಯಲ್ಲಿ ಗುಮಾಸ್ತರ ತಾಯಿ ಕೂತಿದ್ದರು. ಎಪ್ಪತ್ತರ ಮೇಲೆ ವಯಸ್ಸು. ಆ ಕಾಲದ ವಿಧವೆಯರಂತೆ ತಲೆ ಬೋಳಿಸಿ, ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದರು. ನಾನು ಪೆಟ್ಟಿಗೆ ಇಳಿಸುವುದನ್ನೇ ನೋಡುತ್ತ, ‘ಇಸ್ತ್ರಿ ಪೆಟ್ಟಿಗೆನೂ ತಂದಿದೀರೋ?’ ಅಂದರು.

ಗುಮಾಸ್ತರು ಮುಜುಗರಪಟ್ಟುಕೊಂಡರು. ‘ಅಮ್ಮ, ಅವರು ನಮ್ಮ ಒಳ್ಳೇದಕ್ಕೇ...’

‘ನೀನು ಸುಮ್ನಿರೋ. ದೇವಸ್ಥಾನಕ್ಕೆ ಬಂದ ಸಾಹೇಬರಿಗೆಲ್ಲ ಕಲ್ಲಿನ ಗೊಂಬೆಗಳ ಗುಂಗುರು ಕೂದಲು ಬೆರಳು ಮಾಡಿ ತೋರಿಸ್ತೀಯ. ಮನೇಲಿರೋದಕ್ಕೆ ನಾಚ್ಕೋತೀಯ.’

ಒಳಗಿಂದ ಮೊಮ್ಮಗಳನ್ನು ಕರೆದು, ಸುಟ್ಟ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಸೊಸೆ, ‘ಸೋಪು ಹಾಕಿ ಹಾಳುಮಾಡಿಕೊಂಡಳು ಅತ್ತೆ’ ಅಂದರು. ಅಜ್ಜಿ ನನ್ನ ಮುಖ ನೋಡಿದರು. ನಾನು ಕ್ಯಾಮೆರಾದ ತಿರುಪು ಬಿಗಿಮಾಡುತ್ತ ಕೂತೆ.

‘ಇವತ್ತು ಫೋಟೋ ಬೇಡ,’ ಅಂದರು ಅಜ್ಜಿ. ‘ಮೂರು ವಾರ ಬಿಟ್ಟು ಬನ್ನಿ. ಈ ತಲೆ ನನಗೆ ಬಿಡಿ.’

‘ನಿಮಗೇನು ಗೊತ್ತು ಅತ್ತೆ ಈ ಕೂದಲಿನ ಸಮಾಚಾರ?’ ಅಂದರು ಸೊಸೆ, ತಮಾಷೆಗೆಂಬಂತೆ.

ಅಜ್ಜಿ ಮೊಮ್ಮಗಳ ಒಂದು ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳಿದರು: ‘ನನ್ನದೇ ಕಣೇ ಇದು. ನಿನ್ನ ತವರಿಂದಲ್ಲ. ಇವನು ಎರಡು ವರ್ಷದವನಿದ್ದಾಗ ನನ್ನ ತಲೆ ಬೋಳಾಯ್ತು. ಇವನಿಗೆ ನೆನಪೆಲ್ಲಿ ಬರಬೇಕು. ಕಂಡಿದ್ದೋರೆಲ್ಲ ಹೋದ್ರು. ಎಲ್ಲರೂ ನಿನ್ನನ್ನ ಅಂತಿದ್ರು, ಇಲ್ಲದ ಕೂದಲಿನ ಮಾತು ಯಾಕೆ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದು.’

ಸೊಸೆ ಕಂಬ ಹಿಡಿದು ನಿಂತುಬಿಟ್ಟರು. ಈ ಕೂದಲು ನಿನ್ನ ತವರಿನದು ಎಂಬ ಚುಚ್ಚುಮಾತನ್ನು ಹತ್ತೊಂಬತ್ತು ವರ್ಷ ಕೇಳಿದ್ದವರು. ‘ಬಿಸಿಲಾಗಿದೆ, ಮಜ್ಜಿಗೆ ತರ್ತೀನಿ’ ಅಂತ ಒಳಗೆ ಹೋದರು.

ಅಜ್ಜಿಯ ಕ್ರಮವನ್ನು ನಾನು ಅಂದು ಸಂಜೆಯ ಬಸ್ಸಿನವರೆಗೂ ಕೂತು ಕೇಳಿದೆ. ಸ್ಟುಡಿಯೋದ ಪುಸ್ತಕದಲ್ಲಿ ಫೋಟೋ ತೊಳೆಯುವ ಔಷಧಿಗಳ ಅಳತೆ ಬರೆದುಕೊಳ್ಳುತ್ತಿದ್ದ ಹಾಗೆಯೇ ಅದನ್ನೂ ಬರೆದುಕೊಂಡೆ. ಸುಟ್ಟದ್ದನ್ನು ಯಾವ ಎಣ್ಣೆಯೂ ಬದುಕಿಸುವುದಿಲ್ಲ, ಮೊದಲು ಅದನ್ನು ಕತ್ತರಿಸಬೇಕು. ಮದುವೆಗೆ ಇರುವ ಹುಡುಗಿಯ ಕೂದಲಿಗೆ ಕತ್ತರಿಯೇ ಎಂದು ಗುಮಾಸ್ತರು ಹಿಂಜರಿದರು. ಹುಡುಗಿಯೇ ಕತ್ತರಿ ತಂದು ಎರಡೂ ಕಡೆ ಸಮ ಮಾಡಿಕೊಂಡಳು. ಒಣತಲೆಗೆ ಬಾಚಣಿಗೆ ಕೂಡದು. ತೊಳೆಯುವ ಹಿಂದಿನ ದಿನ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ, ನೆತ್ತಿಗಿಂತ ತುದಿಗೆ ಹೆಚ್ಚು. ಬರಿಯ ಸೀಗೆಕಾಯಿ ಗುಂಗುರು ಕೂದಲಿಗೆ ಒರಟು. ಅರ್ಧಕ್ಕೆ ಅರ್ಧ ದಾಸವಾಳದ ಎಲೆಯ ಲೋಳೆ ಬೆರೆಸಬೇಕು. ಆ ಲೋಳೆ ತಲೆಯ ಮೇಲಿರುವಾಗಲೇ ಅಗಲ ಹಲ್ಲಿನ ಮರದ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ಬುಡದಿಂದಲ್ಲ, ತುದಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಒರೆಸಲು ದಪ್ಪ ಟವಲು ಬೇಡ, ನವೆದ ಹಳೆಯ ಸೀರೆ. ಉಜ್ಜಬಾರದು, ಹಿಂಡಬಾರದು, ಅದುಮಿ ನೀರು ಹೀರಿಸಬೇಕು.

‘ಆಮೇಲೆ ಅಗಸೆ ಬೀಜ,’ ಅಂದರು. ‘ಒಂದು ಹಿಡಿ ಬೀಜ ನೀರಲ್ಲಿ ಕುದಿಸಿ, ಮೊಟ್ಟೆಯ ಬಿಳಿ ಥರ ಆದಾಗ ಬಿಸೀಲೇ ಶೋಧಿಸ್ಬೇಕು. ತಣ್ಣಗಾದ್ರೆ ಬಟ್ಟೆಯಿಂದ ಇಳಿಯೋಲ್ಲ. ಒದ್ದೆ ಕೂದಲಿಗೆ ಸವರಿ, ಕೆಳಗಿಂದ ಮುಷ್ಟೀಲಿ ಮೇಲಕ್ಕೆ ಎತ್ತಿ ಎತ್ತಿ ಬಿಡೋದು. ಸುರುಳಿ ತಾನೇ ಕೂಡುತ್ತೆ. ಅಲ್ಲಿಂದ ಒಣಗೋ ತನಕ ಯಾರೂ ಮುಟ್ಟಬಾರದು. ಇವಳಂತೂ ಮುಟ್ಟಲೇಬಾರದು.’

ಕೊನೆಯ ಮಾತು ಸೊಸೆಗೆ. ಸೊಸೆ ನಕ್ಕರು. ಸವರಿಯ ಕಟ್ಟನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ.

ಮೂರು ವಾರದ ನಂತರ ಹೋದಾಗ ಹುಡುಗಿ ಒಳಾಂಗಣದ ತೊಟ್ಟಿಯ ಅಂಚಿನಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಮೊದಲು ಕಂಡಿದ್ದ ಉಬ್ಬಿದ ಕೂದಲಲ್ಲ ಅದು. ಬೆರಳಿಗೆ ಸುತ್ತಿ ಬಿಟ್ಟಂತೆ ಒಂದೊಂದು ಸುರುಳಿಯೂ ಬೇರೆಬೇರೆಯಾಗಿ, ಭಾರವಾಗಿ ಇಳಿದಿತ್ತು. ಮೊದಲ ಸಲ ಅಗಸೆಯ ಲೋಳೆ ಹೆಚ್ಚಾಗಿ ಕೂದಲು ಗಂಜಿ ಹಾಕಿದಂತೆ ಗಟ್ಟಿಯಾದದ್ದು, ಒಂದು ಸಲ ಬೀಜದ ಸಿಪ್ಪೆ ಸಿಕ್ಕಿಕೊಂಡು ಹೇನೆಂದು ತಾಯಿ ಹೌಹಾರಿದ್ದು, ಎಲ್ಲವನ್ನೂ ಅಜ್ಜಿ ವರದಿ ಒಪ್ಪಿಸಿದರು.

ಬಾಣಾವರದವರು ಕೇಳಿದ್ದ ಜಡೆಯ ಫೋಟೋ ಬಿಟ್ಟು, ಗೋಡೆಗೆ ಬಿಳಿಯ ಪಂಚೆ ಕಟ್ಟಿಸಿ, ತೊಟ್ಟಿಯ ಬೆಳಕು ಎದುರಿನಿಂದ ಬರುವಂತೆ ಅವಳನ್ನು ಕೂರಿಸಿದೆ. ನವಿರು ಕಾಣದಿರಲೆಂದು ಹತ್ತು ವರ್ಷದಿಂದ ಹಾಗೆಯೇ ಮಾಡುತ್ತ ಬಂದಿದ್ದವನು. ಕರಿಬಟ್ಟೆಯೊಳಗೆ ತಲೆ ಹಾಕಿ ಗಾಜಿನ ಮೇಲೆ ತಲೆಕೆಳಗಾದ ಚಿತ್ರ ನೋಡಿದೆ. ಕೂದಲು ಒಂದು ಕರಿಯ ಮುದ್ದೆಯಂತಿತ್ತು. ಹೊರಗೆ ಬಂದು ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿದೆ. ಬೆಳಕು ಓರೆಯಾಗಿ ಬಿದ್ದೊಡನೆ ಪ್ರತಿಯೊಂದು ಸುರುಳಿಯ ಹೊಟ್ಟೆಯಲ್ಲಿ ನೆರಳು, ಬೆನ್ನಿನ ಮೇಲೆ ಹೊಳಪು. ನಾನು ಎಷ್ಟು ಹೊತ್ತು ಬಟ್ಟೆಯೊಳಗಿದ್ದೆನೋ. ‘ನಿದ್ದೆ ಹೋದ್ರೋ ಏನೋ ನೋಡೇ’ ಎಂದು ಅಜ್ಜಿ ಅಂದದ್ದಕ್ಕೆ ಹುಡುಗಿ ನಕ್ಕಳು. ಕಿವಿಯ ಹತ್ತಿರದ ಒಂದು ಸುರುಳಿಯನ್ನು ಸರಿ ಮಾಡಲು ಅಜ್ಜಿ ಕೈ ಚಾಚಿದ್ದರು. ಆ ನಗೆ ಹೋಗಿಬಿಡುತ್ತದೆಂದು ನಾನು ಗಡಬಡಿಸಿ ಪ್ಲೇಟು ಸೇರಿಸಿ ಲೆನ್ಸಿನ ಮುಚ್ಚಳ ತೆಗೆದುಬಿಟ್ಟೆ.

ಪ್ಲೇಟು ತೊಳೆದು ನೋಡಿದಾಗ ಅಂಚಿನಲ್ಲಿ ಅಜ್ಜಿಯ ಕೈ ಇತ್ತು, ಬಳೆಯಿಲ್ಲದ ಮಣಿಕಟ್ಟಿನವರೆಗೆ. ಮದುವೆಗೆ ಕಳಿಸುವ ಫೋಟೋದಲ್ಲಿ ವಿಧವೆಯ ಕೈ ಇರಬಾರದೆಂಬುದು ನನಗೆ ತಿಳಿಯದ ವಿಷಯವಲ್ಲ. ಅಭ್ಯಾಸಬಲದಿಂದ ಓರೆ ಮೇಜಿಗೆ ಪ್ಲೇಟು ಏರಿಸಿ ಪೆನ್ಸಿಲ್ ಚೂಪು ಮಾಡಿದೆ. ಕೈಯಿಂದ ಶುರುಮಾಡಿದರೆ ಹಣೆಯ ಸುರುಳಿಗೂ ಹೋಗುತ್ತೇನೆಂದು ನನಗೆ ಗೊತ್ತಿತ್ತು. ಪೆನ್ಸಿಲ್ ಕೆಳಗಿಟ್ಟೆ. ತಿದ್ದದೆ ಪ್ರಿಂಟು ಹಾಕಿ, ಅಂಚೆಗೆ ಹಾಕದೆ, ಬೆಳಗಿನ ಪ್ಯಾಸೆಂಜರಿನಲ್ಲಿ ನಾನೇ ಬಾಣಾವರಕ್ಕೆ ಹೋದೆ. ಗುಮಾಸ್ತರಿಗೆ ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ.

ಹುಡುಗನ ತಾಯಿ ಎರಡೂ ಫೋಟೋಗಳನ್ನು ಕಿಟಕಿಯ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟರು. ಯಜಮಾನರು ಪೇಪರು ಓದುತ್ತಿದ್ದರು.

‘ಇದು ಅಕ್ಕ, ಇದು ತಂಗಿಯೋ?’

‘ಒಬ್ಬಳೇ ಅಮ್ಮ. ಮೊದಲನೇದು ನಾನು ತಿದ್ದಿದ್ದು. ಕೂದಲು ಇರೋದು ಹೀಗೆ.’

‘ಅವರು ತಿದ್ದಿ ಅಂದ್ರೋ?’

‘ಹುಡುಗಿ ಇರೋ ಹಾಗೇ ತೆಗೀರಿ ಅಂದಳು. ನಾನು ಕೇಳಲಿಲ್ಲ. ನೇರ ಮಾಡ್ತೀನಿ ಅಂತ ಅವರನ್ನ ಹುರಿದುಂಬಿಸಿದ್ದೂ ನಾನೇ.’

ಆಕೆ ಎರಡನೆಯದನ್ನು ಹತ್ತಿರ ಹಿಡಿದರು. ‘ಈ ಕೈ ಯಾರದು?’

‘ಅಜ್ಜಿಯದು. ಅವರಿಂದಲೇ ಬಂದ ಕೂದಲು.’

‘ಇದನ್ನಾದರೂ ಅಳಿಸಬಾರದಾಗಿತ್ತೇನ್ರೀ?’

‘ಅಳಿಸೋಕೆ ಕೂತಿದ್ದೆ. ಇನ್ನು ಬೇಡ ಅನ್ನಿಸ್ತು.’

ಆಕೆಯ ಮುಖ ಗಂಟಾಯಿತು. ಒಂದು ಹುಡುಗಿಯ ಬದುಕು ನನ್ನ ಪ್ರಾಮಾಣಿಕತೆಗೆ ಬಲಿಯಾಯಿತಲ್ಲ ಎಂದುಕೊಂಡೆ. ಆಗ ಆಕೆ ಪೇಪರಿನ ಕಡೆ ತಿರುಗಿ, ‘ಕೇಳಿಸ್ತೇನ್ರೀ? ನನ್ನನ್ನ ನೋಡೋಕೆ ಬಂದಾಗ ನೀವೂ ಪೇಟ ಸುತ್ಕೊಂಡು ಬಂದಿದ್ರಿ. ಒಳಗೆ ಒಂದೆಳೆ ಇಲ್ಲ ಅಂತ ಧಾರೆ ಆದಮೇಲೆ ಗೊತ್ತಾಯ್ತು. ನಿಮ್ಮ ಕಡೆಯಿಂದ ಯಾರಾದ್ರೂ ಬಂದು ಹೇಳಿದ್ರೇ?’ ಅಂದರು.

ಪೇಪರಿನ ಹಿಂದಿನಿಂದ ದನಿ ಬಂತು: ‘ನೀನು ಕೇಳಲಿಲ್ಲ.’

ಆಕೆ ನಗುವನ್ನು ತಡೆದುಕೊಂಡು ನನಗೆ ಹೇಳಿದರು. ‘ಗುರುವಾರ ಬರ್ತೀವಿ ಅಂತ ತಿಳಿಸಿ. ತಲೆಗೆ ಇನ್ನೇನೂ ಮಾಡಬೇಡಿ ಅಂತಲೂ ಹೇಳಿ. ಹುಡುಗ ನೋಡಲಿ. ಅವನು ಒಪ್ಪಿದರೆ ಸರಿ.’

ಹುಡುಗ ಒಪ್ಪಿದ. ಹುಡುಗಿಯೂ ಒಪ್ಪಿದಳಂತೆ. ಗುಮಾಸ್ತರು ಸಿಹಿ ಹಿಡಿದು ಸ್ಟುಡಿಯೋಗೆ ಬಂದರು. ನಾನು ಹೇಳದೆ ಬಾಣಾವರಕ್ಕೆ ಹೋದದ್ದಕ್ಕೆ ಮೊದಲು ಬೈದು, ಆಮೇಲೆ ಕೈ ಹಿಡಿದುಕೊಂಡರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ‘ಸೋಪಿನ ಮಾತೊಂದು ನೀವು ಹೇಳಿದ್ದು ಒಳ್ಳೇದಾಯ್ತು. ಅವಳಮ್ಮ ಮನೇಲಿ ಸೋಪೇ ಇಡೋಲ್ಲ ಈಗ. ಮೈಗೂ ಕಡ್ಲೆಹಿಟ್ಟೇ. ದಿನಾ ಒಂದು ಸಲ ಆ ಸುಟ್ಟಿದ್ದನ್ನ ಎತ್ತಿ ಆಡಿ ಮಗಳನ್ನ ಅಳಿಸ್ತಾಳೆ,’ ಎಂದು ನಕ್ಕರು.

ಕೈಯಲ್ಲಿದ್ದ ಸಿಹಿಯನ್ನು ಪೊಟ್ಟಣಕ್ಕೆ ವಾಪಸು ಇಟ್ಟೆ. ಬಾಣಾವರದಲ್ಲಿ ದೊಡ್ಡ ತಪ್ಪು ಒಪ್ಪಿಕೊಂಡು ಬಂದೆನೆಂದು ನಾನು ಹಗುರವಾಗಿದ್ದೆ. ದೊಡ್ಡದನ್ನು ಹೇಳುವುದು ಸುಲಭವಿತ್ತು. ಅದರಲ್ಲಿ ನನ್ನ ಕೈಚಳಕದ ಸುದ್ದಿಯೂ ಇತ್ತು. ಈ ಸಣ್ಣದರಲ್ಲಿ ಬರಿಯ ಹೇಡಿತನವಿತ್ತು.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಬೇಲೂರಿನ ಬಸ್ಸು ಹತ್ತಿದೆ. ಕ್ಯಾಮೆರಾ ಇಲ್ಲದೆ ಬಂದ ನನ್ನನ್ನು ನೋಡಿ ತಾಯಿ ಗಾಬರಿಯಾದರು. ಅಜ್ಜಿ, ಮೊಮ್ಮಗಳು ಇಬ್ಬರೂ ತೊಟ್ಟಿಯಲ್ಲಿದ್ದರು. ನಾನು ಕೂರಲಿಲ್ಲ.

‘ಆವತ್ತು ಕೂದಲು ಸುಟ್ಟಿದ್ದು ಸೋಪಿನಿಂದ ಅಲ್ಲ ಅಮ್ಮ. ಎಣ್ಣೆ ಹಚ್ಚಿದ ಕೂದಲ ಮೇಲೆ ಕೆಂಡದ ಪೆಟ್ಟಿಗೆ ಇಡಿಸಿದ್ದು ನಾನು. ಒತ್ತಿ ಅಂದದ್ದೂ ನಾನು. ನೀವು ಕೇಳಿದಾಗ ಹೆದರಿ ಮಗಳ ಮೇಲೆ ಹಾಕಿದೆ.’

ಅಜ್ಜಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಹುಡುಗಿ ನನ್ನನ್ನು ನೋಡಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ನನ್ನ ಕ್ಷಮಾಪಣೆಯಲ್ಲ ಎಂದು ಆಗ ತಿಳಿಯಿತು.

ತಾಯಿ ಒಳಗೆ ಹೋಗಿ ಬೆಚ್ಚಗಿನ ಎಣ್ಣೆಯ ಬಟ್ಟಲು ತಂದು ಮಗಳ ಹಿಂದೆ ಕೂತರು. ‘ಬಾಚಣಿಗೆ ಬೇಡ, ಅಲ್ವೇನೇ?’ ಎಂದು ಕೇಳಿದರು. ನಾನು ಆ ಮನೆಯಲ್ಲಿ ಅವರು ಮಗಳನ್ನು ಏನಾದರೂ ಕೇಳಿದ್ದನ್ನು ನೋಡಿದ್ದು ಅದೇ ಮೊದಲು.

‘ಬೆರಳಲ್ಲೇ ಬಿಡಿಸಮ್ಮ. ತುದಿಯಿಂದ,’ ಅಂದಳು ಹುಡುಗಿ, ತಲೆ ಹಿಂದಕ್ಕೆ ಕೊಟ್ಟು.

ನಾನು ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಬಸ್ ನಿಲ್ದಾಣದ ಕಡೆ ನಡೆದೆ.